ತಲೆ ಅಳತೆಗೆ ಪೇಟ, ಓಡಾಟದ ಅಳತೆಗೆ ಕಾರ್ಡು

ಮೈಸೂರಿನ ದಟ್ಟಗಳ್ಳಿಯಲ್ಲಿ ಪ್ರೇಮಲೀಲಾ ಅವರ ಮನೆಯ ಮಹಡಿ ಮೇಲೆ ಮೈಸೂರು ಪೇಟ ತಯಾರಾಗುತ್ತದೆ. ಮದುವೆ ಗಂಡಿಗೆ, ನಿವೃತ್ತರಾಗುವ ಮೇಷ್ಟರಿಗೆ, ಬಹುಮಾನ ಗೆದ್ದ ಕಲಾವಿದರಿಗೆ ತೊಡಿಸುವ ಪೇಟ. ಯಾವ ಊರಲ್ಲಿ ಯಾರಿಗೆ ಸನ್ಮಾನವಾದರೂ ನಮ್ಮ ಜನಕ್ಕೆ ಶಾಲು, ಹಾರ, ಪೇಟ ಮೂರೂ ಇದ್ದರೇ ಸಮಾಧಾನ. ಆ ಸಮಾಧಾನದ ಪುಣ್ಯದಿಂದ ಈ ಮನೆಯ ಒಲೆ ಉರಿಯುತ್ತಿದೆ, ಜೊತೆಗೆ ಇಲ್ಲಿ ಕೆಲಸಕ್ಕೆ ಬರುವ ಐದು ಹೆಣ್ಣುಮಕ್ಕಳ ಮನೆಯ ಒಲೆಯೂ ಉರಿಯುತ್ತಿದೆ.

ಎಲ್ಲ ಸರಿಯಾಗಿತ್ತು. ತೊಂದರೆ ಶುರುವಾದದ್ದು ವಿಮಾನದಲ್ಲಿ.

ಪ್ರೇಮಲೀಲಾ ಅವರ ಗಂಡ ಮಹಾಂತೇಶ್ ವರ್ಷಕ್ಕೆ ಐದು ಸಲ ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿನ ಒಂದು ಕನ್ನಡ ಸಂಘ ಪೇಟಕ್ಕೆ ಇವರನ್ನೇ ನಂಬಿದೆ. ಆಗಸ್ಟ್ ಹದಿನೈದರ ಕಾರ್ಯಕ್ರಮಕ್ಕೆ ಆರು ಪೇಟ ಬೇಕಿತ್ತು. ಆರನ್ನೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದು ಮಂಡಕಳ್ಳಿಯಲ್ಲಿ ವಿಮಾನ ಹತ್ತಿದರು. ಸಾಲಿನಲ್ಲಿ ಅವರೇ ಕಡೆಯವರು. ಸೀಟಿನ ಮೇಲಿನ ಗೂಡುಗಳೆಲ್ಲ ಆಗಲೇ ಭರ್ತಿ. ಕೊನೆಗೆ ಪೆಟ್ಟಿಗೆ ಕೆಳಗೆ ಸಾಮಾನಿನ ಜೊತೆ ಹೋಯಿತು. ಅಲ್ಲಿ ಯಾರದೋ ದೊಡ್ಡ ಸೂಟ್‌ಕೇಸು ಅದರ ಮೇಲೆ ಕೂತಿತು.

ಹೈದರಾಬಾದಿನಲ್ಲಿ ಪೆಟ್ಟಿಗೆ ಬಿಚ್ಚಿದರೆ ಆರರಲ್ಲಿ ನಾಲ್ಕು ಪೇಟ ಅಪ್ಪಚ್ಚಿ. ಎಂಬತ್ತು ವರ್ಷದ ನಿವೃತ್ತ ಮೇಷ್ಟರೊಬ್ಬರು ಬರೀ ತಲೆಯಲ್ಲೇ ಸನ್ಮಾನ ಮಾಡಿಸಿಕೊಂಡು, ಇಳಿದು ಬಂದು, "ಪರವಾಗಿಲ್ಲ ಬಿಡಪ್ಪ" ಎಂದು ಮಹಾಂತೇಶರ ಬೆನ್ನು ತಟ್ಟಿದರಂತೆ. ಬೈದಿದ್ದರೆ ಮಹಾಂತೇಶ್ ಎರಡು ದಿನಕ್ಕೆ ಮರೆಯುತ್ತಿದ್ದರು. ಬೆನ್ನು ತಟ್ಟಿದ್ದು ಮರೆಯಲಾಗಲಿಲ್ಲ.

ಸಂಘದವರು ದೊಡ್ಡ ಮನಸ್ಸಿನವರು. ನವೆಂಬರಿನ ರಾಜ್ಯೋತ್ಸವಕ್ಕೆ ಹನ್ನೆರಡು ಪೇಟ ಮತ್ತೆ ಇವರಿಗೇ ಹೇಳಿದರು. "ನಿಮಗೆ ಕೆಲಸ ಕಲಿಸಿದ ಗುರುಗಳು ಇದ್ದಾರಂತಲ್ಲ, ಅವರನ್ನೂ ಕರೆತನ್ನಿ. ವೇದಿಕೆ ಮೇಲೇ ಒಂದು ಪೇಟ ಕಟ್ಟಿ ತೋರಿಸಲಿ. ಆದರೆ ನಾವು ಕೊಡೋದು ಒಂದೇ ಟಿಕೆಟ್ಟಿನ ದುಡ್ಡು" ಎಂದರು.

ಆ ಗುರುಗಳು ಕರಿಬಸವಯ್ಯ. ಎಪ್ಪತ್ತನಾಲ್ಕು ವರ್ಷ. ಐವತ್ತು ವರ್ಷದಿಂದ ಬೇರೆಯವರ ತಲೆಗೆ ಪೇಟ ಕಟ್ಟಿದ್ದಾರೆ. ವಿಮಾನವನ್ನು ಮಾತ್ರ ಇದುವರೆಗೆ ಕತ್ತೆತ್ತಿ ನೋಡಿದ್ದಷ್ಟೇ. ಮಹಾಂತೇಶ್ ಊರಿಗೆ ಬಂದವರೇ, "ಗುರುಗಳೇ, ನವೆಂಬರಿಗೆ ನೀವು ನನ್ನ ಜೊತೆ ವಿಮಾನದಲ್ಲಿ ಬರ್ತೀರಿ" ಎಂದು ಮಾತು ಕೊಟ್ಟುಬಿಟ್ಟರು. ಮುದುಕರು ಮಾರನೆಯ ದಿನವೇ ಆಧಾರ್ ಕಾರ್ಡಿಗೆ ಹೊಸ ಲ್ಯಾಮಿನೇಶನ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದನ್ನು ಪ್ರೇಮಲೀಲಾ ನೋಡಿದರು.

ಆ ಎರಡನೆಯ ಟಿಕೆಟ್ಟು ಎಲ್ಲಿಂದ ಬರಬೇಕು? ಮಹಾಂತೇಶರ ಹತ್ತಿರ ಉತ್ತರ ಸಿದ್ಧವಿತ್ತು. ವಾಪಸ್ ಬಂದು ಇಳಿದಾಗ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಟೈ ಕಟ್ಟಿಕೊಂಡ ಒಬ್ಬ ಅವರನ್ನು ಕೂರಿಸಿ, ಟೀ ಕುಡಿಸಿ, ಒಂದು ಬಣ್ಣದ ಕಾಗದ ಕೈಗೆ ಕೊಟ್ಟಿದ್ದ. ಹಂಸಯಾನ ಎಂಬ ವಿಮಾನ ಕಂಪನಿ ಒಂದು ಬ್ಯಾಂಕಿನ ಜೊತೆ ಸೇರಿ ಸಣ್ಣ ವ್ಯಾಪಾರಿಗಳಿಗಾಗಿ ಕ್ರೆಡಿಟ್ ಕಾರ್ಡ್ ಮಾಡಿತ್ತು. ಸಿಲ್ವರ್, ಗೋಲ್ಡ್, ಡೈಮಂಡ್, ಹೀಗೆ ಮೂರು ದರ್ಜೆ. ಡೈಮಂಡ್ ತೆಗೆದುಕೊಂಡರೆ ಜೊತೆಗಾರರಿಗೆ ಟಿಕೆಟ್ಟು ಫ್ರೀ!

"ಸೋಮವಾರ ಆ ಹುಡುಗ ಬರ್ತಾನೆ ಪ್ರೇಮಾ. ಸೈನ್ ಹಾಕಿದ್ರೆ ಮುಗೀತು" ಎಂದರು ಮಹಾಂತೇಶ್.

"ನಂಗೆ ಯಾವ ಕಾರ್ಡೂ ಬೇಡ ಕಣ್ರೀ" ಎಂದರು ಪ್ರೇಮಲೀಲಾ. "ಸಿಲ್ವರೂ ಬೇಡ, ಗೋಲ್ಡೂ ಬೇಡ. ನಮ್ಮಪ್ಪ ಜೀವಮಾನದಲ್ಲಿ ಒಂದು ರೂಪಾಯಿ ಸಾಲ ಮಾಡ್ಲಿಲ್ಲ."

"ನಿಮ್ಮಪ್ಪ ವಿಮಾನಾನೂ ಹತ್ತಲಿಲ್ಲ ಕಣೇ."

ಈ ಮಾತಿಗೆ ಪ್ರೇಮಲೀಲಾ ಎರಡು ದಿನ ಗಂಡನ ಜೊತೆ ಬರೀ ಸಾರು ಅನ್ನದ ಮಟ್ಟಿಗೆ ಮಾತಾಡಿದರು. ಅವರಿಗೆ ಒಳಗೊಳಗೆ ಭಯ. ಸೈನ್ ಹಾಕಿದರೆ ಸಾಲದ ಬಾಗಿಲು ತೆರೆದಂತೆ. ಹಾಕದಿದ್ದರೆ ಆ ಲ್ಯಾಮಿನೇಶನ್ ಮಾಡಿಸಿದ ಆಧಾರ್ ಕಾರ್ಡು ಜೇಬಿನಲ್ಲೇ ಉಳಿಯುತ್ತದೆ. ಎರಡೂ ಅವರಿಂದ ನೋಡಲಾಗದ ಸಂಗತಿ.

ಶನಿವಾರ ಮಧ್ಯಾಹ್ನ ಸಂಘಮಿತ್ರ ಬಂದಳು. ಮಹಡಿಯಲ್ಲಿ ಪೇಟಕ್ಕೆ ಜರಿ ಅಂಚು ಹೊಲಿಯುವ ಸೋಮಮ್ಮನ ಮಗಳು. ಮನೆ ಉದಯಗಿರಿಯಲ್ಲಿ. ಜನರಿಗೆ ಹಣಕಾಸಿನ ತಿಳಿವಳಿಕೆ ಕೊಡುವ ಕೇಂದ್ರದಲ್ಲಿ ಕೆಲಸ. ಅಮ್ಮನನ್ನು ಸ್ಕೂಟರಿನಲ್ಲಿ ಕರೆದೊಯ್ಯಲು ಬಂದವಳನ್ನು ಪ್ರೇಮಲೀಲಾ ಕೈಹಿಡಿದು ಕೂರಿಸಿದರು.

"ನೋಡಮ್ಮ ಸಂಘಮಿತ್ರ, ನಿಮ್ಮಣ್ಣನಿಗೆ ಸ್ವಲ್ಪ ಬುದ್ಧಿ ಹೇಳು. ಕಾರ್ಡು ಬೇಡ ಅಂತ ಹೇಳು."

"ಬೇಕು ಅಂತ ಹೇಳು" ಎಂದರು ಮಹಾಂತೇಶ್.

ಸಂಘಮಿತ್ರ ನಕ್ಕಳು. "ಬೇಕೋ ಬೇಡ್ವೋ ನಂಗೆ ಹೆಂಗೆ ಗೊತ್ತಾಗುತ್ತೆ ಅಣ್ಣ? ಕಾಗದ ಕೊಡಿ ಇಲ್ಲಿ. ಮುಂದೆ ದಪ್ಪ ಅಕ್ಷರದಲ್ಲಿ ಇರೋದನ್ನ ನೀವು ಓದಿದ್ದೀರಿ. ಹಿಂದೆ ಸಣ್ಣ ಅಕ್ಷರದಲ್ಲಿ ಇರೋದನ್ನ ನಾನು ಓದ್ತೀನಿ."

ಅವಳು ಓದುವ ತನಕ ಮಹಾಂತೇಶರಿಗೆ ತಡೆಯಲಾಗಲಿಲ್ಲ. "ಡೈಮಂಡಲ್ಲಿ ಇನ್ನೂ ಹದಿನೈದು ಕೇಜಿ ಸಾಮಾನು ಜಾಸ್ತಿ ತಗೊಂಡು ಹೋಗಬಹುದಂತೆ ಕಣಮ್ಮ. ಪೇಟದ ವ್ಯಾಪಾರಕ್ಕೆ ಇನ್ನೇನು ಬೇಕು?"

ಸಂಘಮಿತ್ರ ಕಾಗದದಿಂದ ಕಣ್ಣೆತ್ತಿದಳು. ಮೂಲೆಯಲ್ಲಿ ಕೊರಿಯರ್ ಪಾರ್ಸೆಲ್ ತೂಗುವ ಯಂತ್ರವಿತ್ತು. ಪಕ್ಕದಲ್ಲೇ ಆರು ಪೇಟ ತುಂಬಿದ ಪೆಟ್ಟಿಗೆ. "ಅಣ್ಣ, ಆ ಪೆಟ್ಟಿಗೇನ ಒಂಚೂರು ತೂಕಕ್ಕೆ ಇಡಿ."

ಮಹಾಂತೇಶ್ ಇಟ್ಟರು. ಎರಡು ಕೇಜಿ ನೂರು ಗ್ರಾಂ.

ಮೊದಲು ನಕ್ಕಿದ್ದು ಸೋಮಮ್ಮ. "ಅಯ್ಯೋ ನನ್ನಪ್ಪ! ಅನ್ನೊಂದು ವರ್ಸದಿಂದ ಹೊಲೀತಾ ಇವ್ನಿ, ಇದುಕ್ಕೆ ತೂಕ ಎಲ್ಲೈತೆ? ಜಾಗ ತಿಂತದೆ ಅಷ್ಟೇಯ."

ಇಪ್ಪತ್ತು ವರ್ಷ ಪೇಟದ ವ್ಯಾಪಾರ ಮಾಡಿದ ಮನುಷ್ಯ ಪೇಟಕ್ಕೆ ತೂಕವಿಲ್ಲ ಎಂಬುದನ್ನು ಒಂದು ಕಪ್ ಟೀಗೆ ಮರೆತಿದ್ದರು! ಮಹಾಂತೇಶ್ ತಲೆ ಕೆರೆದುಕೊಂಡರು. ಪ್ರೇಮಲೀಲಾಗೆ ನಗು ಬಂದರೂ, ಗಂಡನ ಮುಖ ನೋಡಿ ಸೆರಗಿನಲ್ಲಿ ಅಡಗಿಸಿದರು.

"ನಿಮ್ಮ ಪೇಟ ಅಪ್ಪಚ್ಚಿ ಆಗಿದ್ದು ತೂಕದಿಂದಲ್ಲ ಅಣ್ಣ. ಕಡೇಲಿ ಹತ್ತಿದ್ರಿ, ಮೇಲಿನ ಗೂಡಲ್ಲಿ ಜಾಗ ಸಿಗಲಿಲ್ಲ, ಅದಕ್ಕೆ. ನಿಮಗೆ ಬೇಕಾಗಿರೋದು ಮೊದಲು ಹತ್ತೋ ಅವಕಾಶ. ಅದು ಗೋಲ್ಡಲ್ಲೇ ಇದೆ, ನೋಡಿ ಇಲ್ಲಿ. ಕಾರ್ಡ್ ಇರೋರು, ಅದೇ ಬುಕಿಂಗಲ್ಲಿರೋ ಇನ್ನೊಬ್ಬರು, ಇಬ್ಬರಿಗೂ. ಸಿಲ್ವರಿಗೆ ಫೀ ಇಲ್ಲ, ಆದ್ರೆ ಅದ್ರಲ್ಲಿ ಇದೂ ಇಲ್ಲ."

"ಲಾಂಜು? ಡೈಮಂಡಲ್ಲಿ ಲಾಂಜು ಇದೆಯಂತೆ. ಮೆತ್ತನೆ ಸೋಫಾ, ಬೇಕಾದಷ್ಟು ತಿಂಡಿ."

"ಮನೆಯಿಂದ ಮಂಡಕಳ್ಳಿಗೆ ಅರ್ಧ ಗಂಟೆ ದಾರಿ. ಪ್ರೇಮಕ್ಕ ಕಟ್ಟಿಕೊಡೋ ಚಿತ್ರಾನ್ನ ಬ್ಯಾಗಲ್ಲಿ ಇರುತ್ತೆ. ವರ್ಷಕ್ಕೆ ಐದು ಸಲ ಸೋಫಾದಲ್ಲಿ ಕೂರೋಕೆ ಹದಿನೈದು ಸಾವಿರ ಫೀ ಕೊಡ್ತೀರಾ? ತೆರಿಗೆ ಸೇರಿ ಹದಿನೇಳು ಸಾವಿರದ ಏಳುನೂರು ಆಗುತ್ತೆ. ಮುಂದಿನ ವರ್ಷಾನೂ ಅಷ್ಟೇ ಕೊಡಬೇಕು."

"ಆದ್ರೆ ಜೊತೆ ಟಿಕೆಟ್ಟು ಫ್ರೀ ಅಲ್ವೇನಮ್ಮ?" ಮಹಾಂತೇಶರ ದನಿ ಇಳಿದಿತ್ತು. ನಿಜವಾಗಿ ಅವರಿಗೆ ಬೇಕಾಗಿದ್ದು ಅದೊಂದೇ. ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಿಸುತ್ತಿದ್ದ ಕರಿಬಸವಯ್ಯನವರ ಕೈಯೂ ನಿಂತಿತು.

ಸಂಘಮಿತ್ರ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಮೆತ್ತಗೆ ಹೇಳಿದಳು. "ಇದೆ ಅಣ್ಣ. ಆದ್ರೆ ಕಾರ್ಡ್ ಬಂದು ಒಂದು ವರ್ಷದೊಳಗೆ ಎಂಟು ಲಕ್ಷ ರೂಪಾಯಿ ಅದರಲ್ಲೇ ಖರ್ಚು ಮಾಡಿದ್ರೆ ಮಾತ್ರ. ಅದೂ ವರ್ಷ ತುಂಬಿದ ಮೇಲೆ ಕೊಡ್ತಾರೆ. ಟಿಕೆಟ್ಟಿನ ಮೇಲಿನ ತೆರಿಗೆ ನೀವೇ ಕಟ್ಟಬೇಕು. ತಾತ ಹೋಗಬೇಕಾಗಿರೋದು ಈ ನವೆಂಬರಿಗೆ. ಈ ಫ್ರೀ ಟಿಕೆಟ್ಟು ಬರೋದು ಮುಂದಿನ ವರ್ಷ."

ಮಹಾಂತೇಶ್ ಬಿಡಲಿಲ್ಲ. "ಎಂಟು ಲಕ್ಷ ಏನ್ ಮಹಾ? ಲೋಕೇಶ ಮನೆ ಕಟ್ಟಿಸ್ತಾ ಇದ್ದಾನಲ್ಲ, ಅವನ ಟೈಲ್ಸು, ಬಾಗಿಲು, ಕಿಟಕಿ ಎಲ್ಲಾ ನಮ್ಮ ಕಾರ್ಡಲ್ಲೇ ತಗೊಳ್ಳಲಿ. ದುಡ್ಡು ಅವನು ನಮಗೆ ಕೊಡ್ತಾನೆ, ಫ್ರೀ ಟಿಕೆಟ್ಟು ನಮಗೆ ಬರುತ್ತೆ!"

ಲೋಕೇಶ್ ಪ್ರೇಮಲೀಲಾ ಅವರ ಸ್ವಂತ ತಮ್ಮ. ಆದರೂ ಅವರು ಸುಮ್ಮನಿರಲಿಲ್ಲ. "ನನ್ನ ತಮ್ಮ ಚಿನ್ನದಂಥವನು ಕಣ್ರೀ, ಇಲ್ಲ ಅನ್ನಲ್ಲ. ಆದ್ರೆ ಅವನು ಇಪ್ಪತ್ತನೇ ತಾರೀಕು ಕೊಡ್ತೀನಿ ಅಂದ್ರೆ ಯಾವ ತಿಂಗಳ ಇಪ್ಪತ್ತು ಅಂತ ಕೇಳಬೇಕು."

"ಬ್ಯಾಂಕು ಆ ತಿಂಗಳ ಇಪ್ಪತ್ತಕ್ಕೇ ಕೇಳುತ್ತೆ ಅಕ್ಕ" ಎಂದಳು ಸಂಘಮಿತ್ರ. "ಬಿಲ್ಲಲ್ಲಿ ‘ಕನಿಷ್ಠ ಮೊತ್ತ ಕಟ್ಟಿದರೆ ಸಾಕು’ ಅಂತ ಇರುತ್ತೆ. ಅದನ್ನ ನಂಬಿ ಅಷ್ಟೇ ಕಟ್ಟಿದ್ರೆ ಉಳಿದಿದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಎಷ್ಟು?"

"ನೂರಕ್ಕೆ ಒಂದು."

"ನೋಡಿ ಮತ್ತೆ. ವ್ಯಾಪಾರದ ಕಾರ್ಡು, ಅಂಗಡಿ ಹೆಸರಲ್ಲಿದೆ ಅಂತ ಧೈರ್ಯ ಮಾಡಬೇಡಿ. ಸೈನ್ ಹಾಕಿದೋರು ಮಹಾಂತೇಶಣ್ಣ, ಕಟ್ಟಬೇಕಾದೋರೂ ಮಹಾಂತೇಶಣ್ಣನೇ. ಟಿಕೆಟ್ಟಿಗೋಸ್ಕರ ಇಲ್ಲದ ಖರ್ಚು ಹುಡುಕಿಕೊಂಡು ಹೋದ್ರೆ, ಆ ಟಿಕೆಟ್ಟು ಫ್ರೀ ಹೆಂಗಾಗುತ್ತೆ?"

ಮಹಾಂತೇಶ್ ಕಾಗದ ಮಡಿಸಿದರು. ಗುರುಗಳ ಕಡೆ ತಿರುಗಿ ನೋಡಲು ಅವರಿಗೆ ಮುಖವಿರಲಿಲ್ಲ. ಕರಿಬಸವಯ್ಯನವರೇ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು.

"ನಂಗೋಸ್ಕರ ಇಷ್ಟೆಲ್ಲಾ ಬ್ಯಾಡ ಕಣಪ್ಪ. ಇಮಾನ ಅತ್ತದೇ ಇದ್ರೆ ಏನ್ ಜೀವ ಓಯ್ತದಾ? ಇಲ್ಲಿಂದ್ಲೇ ಕಾಣ್ತದೆ, ನೋಡ್ತಾ ಇವ್ನಲ್ಲ. ಬುಟ್ಟಾಕು."

ಹಾಗೆ ಹೇಳುವಾಗ ಅವರ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಪ್ರೇಮಲೀಲಾ ಅದನ್ನು ನೋಡಿದರು. ಆಗಲೇ ಅವರ ತಲೆಗೆ ಒಂದು ಸೀದಾ ಲೆಕ್ಕ ಹೊಳೆಯಿತು. ಇಷ್ಟು ಹೊತ್ತು ಇದು ಯಾಕೆ ಹೊಳೆಯಲಿಲ್ಲ ಎಂದು ಅವರಿಗೇ ಆಶ್ಚರ್ಯ.

"ರೀ, ಹೈದರಾಬಾದಿಗೆ ಹೋಗಿ ಬರೋ ಟಿಕೆಟ್ಟು ಎಷ್ಟು?"

"ಈಗಲೇ ಬುಕ್ ಮಾಡಿದ್ರೆ ಒಂಬತ್ತು ಸಾವಿರದೊಳಗೆ."

"ಹಂಗಾದ್ರೆ ಆ ಡೈಮಂಡಿಗೆ ಕೊಡೋ ಹದಿನೇಳು ಸಾವಿರದಲ್ಲಿ ಗುರುಗಳಿಗೆ ಟಿಕೆಟ್ಟೇ ತಗೊಳ್ಳಬಹುದಲ್ರೀ! ತಗೊಂಡು ಇನ್ನೂ ಮಿಗುತ್ತೆ."

ಸಂಘಮಿತ್ರ ಚಪ್ಪಾಳೆ ತಟ್ಟಿದಳು. "ನಾನು ಹೇಳಬೇಕು ಅಂತಿದ್ದೆ ಅಕ್ಕ, ನೀವೇ ಹೇಳಿಬಿಟ್ರಿ."

ಆದರೆ ಪ್ರೇಮಲೀಲಾ ಅಷ್ಟಕ್ಕೇ ಕರಗುವವರಲ್ಲ. "ಸರಿ, ಹಂಗಿದ್ರೆ ಗೋಲ್ಡೂ ಯಾಕೆ? ಮೊದಲು ಹತ್ತೋಕೆ ಆವಾಗಾವಾಗಲೇ ದುಡ್ಡು ಕೊಟ್ರೆ ಆಗಲ್ವಾ?"

"ಆಗುತ್ತೆ. ಒಬ್ಬರಿಗೆ ಒಂದು ಸಲಕ್ಕೆ ಆರುನೂರು. ಅಣ್ಣ ಐದು ಸಲ, ತಾತ ಒಂದು ಸಲ ಹೋದ್ರೆ ಮೂರು ಸಾವಿರದ ಆರುನೂರು. ಗೋಲ್ಡಿನ ಫೀ ತೆರಿಗೆ ಸೇರಿ ಎರಡು ಸಾವಿರದ ಒಂಬೈನೂರ ಐವತ್ತು. ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದ್ರೆ ಮುಂದಿನ ವರ್ಷದ ಫೀ ಬಿಟ್ಟುಬಿಡ್ತಾರೆ. ನಿಮ್ಮ ಟಿಕೆಟ್ಟು, ಕೊರಿಯರ್, ರಟ್ಟಿನ ಪೆಟ್ಟಿಗೆ, ಬಟ್ಟೆ, ಇದೆಲ್ಲಾ ಹೆಂಗೂ ಆಗೋ ಖರ್ಚೇ ಅಲ್ವಾ? ಅದೇ ಎರಡು ಲಕ್ಷ ದಾಟುತ್ತೆ. ನೀವು ವರ್ಷಕ್ಕೆ ಒಂದೇ ಸಲ ಹೋಗೋರಾಗಿದ್ರೆ, ಸಿಲ್ವರೇ ಸಾಕು ಅಂತಿದ್ದೆ. ತಿಂಗಳ ಬಿಲ್ಲು ಪೂರ್ತಿ ಕಟ್ಟೋಕೆ ಆಗದೋರಾಗಿದ್ರೆ, ಯಾವ ಕಾರ್ಡೂ ಬೇಡ ಅಂತಿದ್ದೆ. ವಾರಕ್ಕೊಂದು ಸಲ ಹಾರಾಡೋ ದೊಡ್ಡ ವ್ಯಾಪಾರಿ ಬಂದು ಕೇಳಿದ್ರೆ, ಅವರಿಗೆ ಡೈಮಂಡೇ ಸರಿ ಅನ್ನಬಹುದು. ಕಾರ್ಡಲ್ಲಿ ಒಳ್ಳೇದು ಕೆಟ್ಟದ್ದು ಇಲ್ಲ ಅಕ್ಕ. ನಮಗೆ ಆಗಿ ಬರೋದು, ಆಗಿ ಬರದೇ ಇರೋದು, ಅಷ್ಟೇ."

ಕರಿಬಸವಯ್ಯ ತಲೆದೂಗಿದರು. ಕಿವಿಯ ಸಂದಿಯಲ್ಲಿದ್ದ ನೂಲಿನ ಎಳೆಯನ್ನು ತೆಗೆದು ತೋರಿಸಿದರು. ಪೇಟ ಕಟ್ಟುವ ಮೊದಲು ತಲೆಯ ಸುತ್ತಳತೆ ತೆಗೆಯುವ ನೂಲು ಅದು. "ಈ ಮಗ ಏಳ್ತಿರೋದು ನಮ್ಮ ಕಸುಬಿನ ಮಾತೇ ಕಣಪ್ಪ. ತಲೆ ಅಳ್ದು ಪೇಟ ಕಟ್ಟು ಅಂತ ನಿಂಗೆ ಮೊದಲ್ನೇ ದಿನ ಏಳಿರ್ಲಿಲ್ವಾ? ದೊಡ್ಡ ಪೇಟ ಚಂದ ಅಂತ ಇಟ್ಕೊಂಡ್ರೆ ಕಣ್ಣು ಮುಚ್ಕೋತದೆ. ಸಣ್ಣದು ಸಾಕು ಅಂದ್ರೆ ಗಾಳಿಗೆ ಆರೋಯ್ತದೆ."

ದೊಡ್ಡ ಪೇಟದ ಮಾತಿಗೆ ಮಹಾಂತೇಶ್ ತಲೆ ತಗ್ಗಿಸಿದರು. ಸಣ್ಣದರ ಮಾತು ತನಗೇ ಹೇಳಿದ್ದು ಎಂದು ಪ್ರೇಮಲೀಲಾಗೆ ತಿಳಿಯಿತು. ಗಂಡ ಆಸೆಯಿಂದ ತಪ್ಪಿದ್ದರು, ತಾನು ಭಯದಿಂದ. ಇಬ್ಬರೂ ಆ ಕಾಗದದ ಹಿಂಬದಿಯನ್ನು ತಿರುಗಿಸಿಯೇ ನೋಡಿರಲಿಲ್ಲ.

ಸೋಮವಾರ ಟೈ ಕಟ್ಟಿದ ಹುಡುಗ ಬಂದ. ಗೋಲ್ಡ್ ಎಂದು ಕೇಳಿ ಅವನ ಮುಖ ಸಪ್ಪೆಯಾಯಿತು. "ಸರ್, ನಿಮ್ಮ ಲೆವೆಲ್ಲಿಗೆ ಡೈಮಂಡೇ ಸರಿ. ತೋರಿಸಿದ್ರೆ ಒಂದು ಮರ್ಯಾದೆ ಇರುತ್ತೆ."

"ಮರ್ಯಾದೆ ನಮ್ಮ ತಲೆ ಮೇಲೆ ಇಟ್ಕೊಳ್ಳೋದಲ್ಲಪ್ಪ, ಬೇರೆಯೋರ ತಲೆ ಮೇಲೆ ಇಡೋದು ನಮ್ಮ ಕೆಲಸ" ಎಂದು ಮಹಾಂತೇಶ್ ಸೈನ್ ಹಾಕಿದರು. ಪ್ರೇಮಲೀಲಾ ಅವನಿಗೆ ಕಾಫಿ ಕೊಟ್ಟರು. ಅವನ ಹೊಟ್ಟೆಪಾಡೂ ನಡೆಯಬೇಕಲ್ಲ. ಕಾರ್ಡು ಬಂದ ದಿನವೇ, ಬಿಲ್ಲಿನ ಪೂರ್ತಿ ಮೊತ್ತ ತಾರೀಕಿಗೆ ಸರಿಯಾಗಿ ಖಾತೆಯಿಂದ ತಾನೇ ಕಟ್ಟಿಹೋಗುವಂತೆ ಸಂಘಮಿತ್ರಳನ್ನು ಕೇಳಿಕೊಂಡು ಮಾಡಿಸಿದರು. ಲೋಕೇಶ್ ಫೋನ್ ಮಾಡಿ, "ಅಕ್ಕಾ, ಟೈಲ್ಸಿಗೆ ಕಾರ್ಡು…" ಎಂದಾಗ, "ಊಟಕ್ಕೆ ಬಾರೋ, ಹೋಳಿಗೆ ಮಾಡ್ತೀನಿ. ಕಾರ್ಡು ಮಾತ್ರ ಕೇಳಬೇಡ" ಎಂದರು.

ನವೆಂಬರಿನ ಒಂದು ಬೆಳಿಗ್ಗೆ ಮಂಡಕಳ್ಳಿಗೆ ಪ್ರೇಮಲೀಲಾ ಅವರೇ ಕಾರು ಮಾಡಿಕೊಂಡು ಇಬ್ಬರನ್ನೂ ಬಿಟ್ಟುಬಂದರು. ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ, ಆರು ಆರು ಪೇಟ. ಕರಿಬಸವಯ್ಯ ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಬಾಗಿಲಲ್ಲಿ ಪೊಲೀಸಿನವರು ಗುರುತಿನ ಚೀಟಿ ಕೇಳಿದ್ದೇ ತಡ, ಜೇಬಿನಿಂದ ಆಧಾರ್ ಕಾರ್ಡು ಹೊರಬಂತು. ಮೂರು ತಿಂಗಳು ಕಾದಿದ್ದ ಕಾರ್ಡು ಅದು. ಮುದುಕರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಮುಂದಿನದನ್ನು ಮಹಾಂತೇಶ್ ಬಂದು ಹೇಳಿದರು. ಇಬ್ಬರನ್ನೂ ಮೊದಲೇ ಹತ್ತಿಸಿದರಂತೆ. ಗೂಡುಗಳೆಲ್ಲ ಖಾಲಿ ಇದ್ದವಂತೆ. ಕರಿಬಸವಯ್ಯ ಪೆಟ್ಟಿಗೆ ಇಟ್ಟ ಮೇಲೂ ವಿಮಾನ ಏಳುವ ತನಕ ಗೂಡನ್ನೇ ನೋಡುತ್ತಿದ್ದು, ಎದ್ದ ಮೇಲೆ ಕಿಟಕಿಯಿಂದ ಕಣ್ಣು ಕೀಳಲಿಲ್ಲವಂತೆ. ಹೈದರಾಬಾದಿನಲ್ಲಿ ಹನ್ನೆರಡು ಪೇಟವೂ ಕಟ್ಟಿದಂತೆಯೇ ಹೊರಬಂದವು. ಆಗಸ್ಟಿನಲ್ಲಿ ಬರೀ ತಲೆಯಲ್ಲಿ ಹೋಗಿದ್ದ ಆ ಮೇಷ್ಟರನ್ನು ಸಂಘದವರು ಮತ್ತೆ ಕರೆಸಿದ್ದರು. ಅವರನ್ನು ವೇದಿಕೆಯ ಮೇಲೆ ಕೂರಿಸಿ, ನೂಲಿನಿಂದ ತಲೆ ಅಳೆದು, ಎಲ್ಲರ ಎದುರು ಕರಿಬಸವಯ್ಯ ಅವರಿಗೆ ಪೇಟ ಕಟ್ಟಿದರು. ಮೇಷ್ಟರು ಈ ಸಲವೂ ಮಹಾಂತೇಶರ ಬೆನ್ನು ತಟ್ಟಿದರಂತೆ. ಅದನ್ನು ಹೇಳುವಾಗ ಮಹಾಂತೇಶರ ಕಣ್ಣು ತುಂಬಿತು.

ಮುಂದಿನ ಶನಿವಾರ ಸಂಘಮಿತ್ರ ಅಮ್ಮನನ್ನು ಕರೆದೊಯ್ಯಲು ಬಂದಾಗ ಕರಿಬಸವಯ್ಯ ಅವಳನ್ನು ಮಣೆಯ ಮೇಲೆ ಕೂರಿಸಿದರು. ಕಿವಿಯ ಸಂದಿಯಿಂದ ನೂಲು ತೆಗೆದರು.

"ಇದೇನು ತಾತ? ನನ್ನ ತಲೆ ಯಾಕೆ ಅಳೀತಾ ಇದ್ದೀರಾ?"

"ಸುಮ್ಕೆ ಕೂತ್ಕೋ ಮಗ. ಅಲ್ಲಾಡಬ್ಯಾಡ."

ಕೆನ್ನೀಲಿ ರೇಷ್ಮೆ, ಹೊಂಬಣ್ಣದ ಜರಿ. ಕಾಲು ಗಂಟೆಯಲ್ಲಿ ಪೇಟ ಅವಳ ತಲೆಯ ಮೇಲೆ ನಿಂತಿತು, ಒಂದು ಎಳೆ ಬಿಗಿಯಿಲ್ಲ, ಒಂದು ಎಳೆ ಸಡಿಲವಿಲ್ಲ. ಪ್ರೇಮಲೀಲಾ ಶಾಲು ಹೊದಿಸಿ, "ನಮ್ಮ ಮನೆ ಉಳಿಸಿದೆ ಕಣಮ್ಮ. ನಿನ್ನ ಋಣ ದೊಡ್ಡದು" ಎಂದರು. ಸಂಘಮಿತ್ರ ನಾಚಿ ಅಮ್ಮನ ಕಡೆ ನೋಡಿದಳು.

ಸೋಮಮ್ಮ ಸೂಜಿ ಕೆಳಗಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಅವರು ಸಾವಿರಾರು ಪೇಟಗಳಿಗೆ ಜರಿ ಹೊಲಿದಿದ್ದರು. ಅವೆಲ್ಲ ಯಾರ್ಯಾರದೋ ತಲೆಯ ಮೇಲೆ ಕೂರಲು ಹೋಗಿದ್ದವು. ತಾನು ಹೊಲಿದ ಜರಿ ತನ್ನ ಮಗಳ ತಲೆಯ ಮೇಲೆ ಹೊಳೆಯುವುದನ್ನು ಅವರು ಕಂಡದ್ದು ಅದೇ ಮೊದಲು. "ಅಂಗೇ ಇರು ಮಗ, ತೆಗೀಬ್ಯಾಡ. ಇನ್ನೊಂದು ಚೂರು ನೋಡ್ತೀನಿ" ಎಂದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಒಂದು ಸಣ್ಣ ವ್ಯಾಪಾರ ಇರಬಹುದು. ನಿಮಗೂ ಯಾರಾದರೂ ಟೀ ಕುಡಿಸಿ ಬಣ್ಣದ ಕಾಗದ ಕೊಡಬಹುದು. ಹೆದರಿ ಓಡಬೇಡಿ, ಆಸೆಪಟ್ಟು ಸೈನ್ ಹಾಕಲೂಬೇಡಿ. ಕಾಗದ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ, ಓದಲಾಗದಿದ್ದರೆ ಓದಿ ಹೇಳುವವರನ್ನು ಹುಡುಕಿ. ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ, ಕಾರ್ಡು ಇಲ್ಲದಿದ್ದರೂ ಹೇಗೂ ಆಗುವ ಖರ್ಚು ಎಷ್ಟು ಎಂದು ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕೊಡುವ ಫೀಗಿಂತ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಹೆಚ್ಚಿದ್ದರೆ ಮಾತ್ರ ಆ ದರ್ಜೆ ನಿಮ್ಮದು. ತೆಗೆದುಕೊಂಡ ಮೇಲೆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಿ. ನೆಂಟರ ಖರ್ಚನ್ನು ನಿಮ್ಮ ಕಾರ್ಡಿನ ಮೇಲೆ ಹೊರಬೇಡಿ, ಅವರಿಗೆ ಹೋಳಿಗೆ ಊಟ ಹಾಕಿ.

ಅಷ್ಟು ಮಾಡಿ, ಉಳಿದ ದುಡ್ಡು ಎತ್ತಿಡಿ. ನಿಮ್ಮ ಮನೆಯಲ್ಲೂ ಆಧಾರ್ ಕಾರ್ಡು ಜೇಬಿನಲ್ಲಿಟ್ಟುಕೊಂಡು, ಬಾಯಿಬಿಟ್ಟು ಕೇಳದೆ, ಯಾರೋ ಒಬ್ಬರು ಕಾಯುತ್ತಿರಬಹುದು.